ಏಳು ಪಾಪಗಳ ಮುಂದಾಳು: ಕಿತ್ತೂರು ಸೀಮೆಯಲ್ಲಿ ಗರ್ವದ ಕ್ರೈಸ್ತ ಕಲ್ಪನೆ

1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಬಾಗಿಲಲ್ಲಿ ಹತನಾದ ಧಾರವಾಡದ ಕಲೆಕ್ಟರನ ಪೂರ್ಣ ಹೆಸರು ಸೇಂಟ್ ಜಾನ್ ಥ್ಯಾಕರೆ. ನಮ್ಮ ಶಾಲಾ ಪಠ್ಯಗಳಲ್ಲಿ, ನಾಟಕಗಳಲ್ಲಿ, ಸಿನಿಮಾದಲ್ಲಿ ‘ಥ್ಯಾಕರೆ’ ಮಾತ್ರ ಉಳಿದು ‘ಸೇಂಟ್ ಜಾನ್’ ಬಿಟ್ಟುಹೋಗಿದೆ. ಅದು ಆತನಿಗೆ ಯಾರೋ ಕೊಟ್ಟ ಬಿರುದಲ್ಲ, ಹುಟ್ಟುಹೆಸರು. ಆ ಹೆಸರನ್ನೇ ಕನ್ನಡದ ಪ್ರೊಟೆಸ್ಟೆಂಟರು ಯೋಹಾನ ಎಂದರೆ, ಕ್ಯಾಥೊಲಿಕರು ಅರುಳಪ್ಪ ಎನ್ನುತ್ತಾರೆ. ಕಿತ್ತೂರಿನಿಂದ ಬಹಳ ದೂರವೇನೂ ಇಲ್ಲದ ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಇದೇ ಹೆಸರಿನ ಒಂದು ಮಠವಿದೆ: ಸ್ನಾನಿಕ ಅರುಳಪ್ಪನವರ ವಿರಕ್ತ ಮಠ. ಸ್ನಾನಿಕ ಅರುಳಪ್ಪ ಎಂದರೆ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಯೋಹಾನ. ಮಠದ ಸ್ವಾಮಿಗಳು ಯೇಸುಸಭೆಯ, ಅಂದರೆ ಜೆಸ್ಯೂಟ್ ಪಂಥದ, ಕ್ಯಾಥೊಲಿಕ್ ಪಾದ್ರಿಗಳು. ಉಡುವುದು ಕಾವಿ, ಉಣ್ಣುವುದು ಸಸ್ಯಾಹಾರ, ಪೂಜೆಗೆ ಕೂರುವುದು ನೆಲದ ಮೇಲೆ.

ಒಂದೇ ಸೀಮೆಗೆ ಒಂದೇ ಹೆಸರು ಎರಡು ಬಾರಿ ಬಂತು. ಮೊದಲ ಬಾರಿ ಫಿರಂಗಿಯೊಡನೆ, ಎರಡನೆಯ ಬಾರಿ ಕಾವಿಯೊಡನೆ. ಈ ಎರಡರ ನಡುವಿನ ಅಂತರವನ್ನು ಅಳೆಯಲು ಕ್ರೈಸ್ತ ಬೋಧನೆಯಲ್ಲೇ ಒಂದು ಅಳತೆಗೋಲಿದೆ. ಅದು ಗರ್ವ. ಕೊಲೆ, ಕಳವು, ಹಾದರ ಇವೆಲ್ಲವನ್ನೂ ಬಿಟ್ಟು ಗರ್ವವನ್ನು ಪಾಪಗಳ ಪಟ್ಟಿಯ ತುದಿಯಲ್ಲಿ ಕೂರಿಸಿದ ಧರ್ಮ ಅದು. ಗರ್ವಿಷ್ಠನನ್ನು ಯಾವ ಪೊಲೀಸರೂ ಹಿಡಿಯುವುದಿಲ್ಲ, ಯಾವ ನ್ಯಾಯಾಲಯವೂ ದಂಡಿಸುವುದಿಲ್ಲ. ಹಾಗಿದ್ದರೂ ಅದೇ ಏಕೆ ದೊಡ್ಡ ಪಾಪ?

‘ಏಳು ಮಹಾಪಾಪಗಳು’ ಎಂಬ ಪಟ್ಟಿ ಬೈಬಲ್ಲಿನಲ್ಲಿದೆ ಎಂದು ಕ್ರೈಸ್ತರಲ್ಲೇ ಅನೇಕರು ನಂಬಿದ್ದಾರೆ. ಈ ರೂಪದಲ್ಲಿ ಅದು ಅಲ್ಲಿಲ್ಲ. ದೇವರಿಗೆ ಅಸಹ್ಯವಾದ ಏಳು ಸಂಗತಿಗಳ ಬೇರೊಂದು ಪಟ್ಟಿ ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳ ಗ್ರಂಥದಲ್ಲಿದೆ. ಅದರಲ್ಲಿ ಮೊದಲನೆಯದು ಸೊಕ್ಕಿನ ನೋಟ ಎಂಬುದು ನಿಜ. ಆದರೆ ಇಂದು ಚರ್ಚುಗಳಲ್ಲಿ ಹೇಳುವ ಪಟ್ಟಿ ಹುಟ್ಟಿದ್ದು ಈಜಿಪ್ಟಿನ ಮರಳುಗಾಡಿನಲ್ಲಿ. ನಾಲ್ಕನೇ ಶತಮಾನದಲ್ಲಿ ಅಲ್ಲಿ ಏಕಾಂತವಾಸ ಮಾಡುತ್ತಿದ್ದ ವಿರಕ್ತರಲ್ಲಿ ಇವಾಗ್ರಿಯಸ್ ಎಂಬಾತ, ತಪಸ್ಸಿಗೆ ಕೂತವನನ್ನು ಕಾಡುವ ಎಂಟು ಕೆಟ್ಟ ಆಲೋಚನೆಗಳನ್ನು ಪಟ್ಟಿ ಮಾಡಿದ. ಹೊಟ್ಟೆಬಾಕತನದಿಂದ ಆರಂಭವಾಗುವ ಆ ಪಟ್ಟಿ ಗರ್ವದಲ್ಲಿ ಮುಗಿಯುತ್ತಿತ್ತು. ಊಟದ ಆಸೆ ಗೆಲ್ಲುವುದು ಸುಲಭ, ಗರ್ವ ಗೆಲ್ಲುವುದು ಕಡೆಯ ಯುದ್ಧ ಎಂಬುದು ಅದರ ತಾತ್ಪರ್ಯ. 590ರಿಂದ 604ರವರೆಗೆ ಪೋಪ್ ಆಗಿದ್ದ ಗ್ರೆಗರಿ ಈ ಪಟ್ಟಿಯನ್ನು ತಲೆಕೆಳಗು ಮಾಡಿದ. ಗರ್ವವನ್ನು ಪಟ್ಟಿಯಿಂದಲೇ ಹೊರಗೆ ತೆಗೆದು ಉಳಿದ ಏಳಕ್ಕೂ ತಾಯಿಬೇರು ಎಂದು ಕರೆದ. ಮುಂದೆ ಅದು ಮತ್ತೆ ಒಳಗೆ ಬಂದು ಮೊದಲ ಸ್ಥಾನದಲ್ಲಿ ಕೂತಿತು. ಗರ್ವ, ಲೋಭ, ಕಾಮ, ಮತ್ಸರ, ಹೊಟ್ಟೆಬಾಕತನ, ಕ್ರೋಧ, ಆಲಸ್ಯ ಎಂಬುದು ಈಗಿನ ಲೆಕ್ಕ.

ಇಲ್ಲಿ ಒಂದು ಸ್ಪಷ್ಟನೆ ಬೇಕು. ಇವು ಅತ್ಯಂತ ಘೋರವಾದ ಏಳು ಕೃತ್ಯಗಳಲ್ಲ. ನಿಜಕ್ಕೂ ಕೃತ್ಯಗಳೇ ಅಲ್ಲ. ಕೃತ್ಯಗಳು ಹುಟ್ಟುವ ಚಾಳಿಗಳು. ಒಬ್ಬ ಕಳವು ಮಾಡಿದರೆ ಆ ಕಳವು ಲೋಭದ ಕೂಸು, ಚಾಡಿ ಹೇಳಿದರೆ ಮತ್ಸರದ ಕೂಸು. ಕ್ಯಾಥೊಲಿಕರು ಪಾಪನಿವೇದನೆಗೆ ಹೋಗುವ ಮುನ್ನ ಮಾಡಿಕೊಳ್ಳುವ ಆತ್ಮಶೋಧನೆಗೆ ಈ ಪಟ್ಟಿ ಬಹುಕಾಲದಿಂದ ಒದಗಿಬಂದಿದೆ. ಏನು ಮಾಡಿದೆ ಎಂಬುದಷ್ಟೇ ಅಲ್ಲ, ಏಕೆ ಮಾಡಿದೆ ಎಂದೂ ಕೇಳಿಕೊಳ್ಳಬೇಕು ಎಂಬುದು ಅದರ ಉದ್ದೇಶ.

ಕನ್ನಡ ಓದುಗರಿಗೆ ಇದನ್ನು ಕೇಳಿದ ಕೂಡಲೇ ಅರಿಷಡ್ವರ್ಗ ನೆನಪಾಗುತ್ತದೆ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ. ಆರರಲ್ಲಿ ಐದು ಎರಡೂ ಕಡೆ ಉಂಟು. ಮೋಹಕ್ಕೆ ಅಲ್ಲಿ ಜೋಡಿಯಿಲ್ಲ; ಹೊಟ್ಟೆಬಾಕತನಕ್ಕೂ ಆಲಸ್ಯಕ್ಕೂ ಇಲ್ಲಿ ಜೋಡಿಯಿಲ್ಲ. (ಆಲಸ್ಯ ಎಂಬ ಅನುವಾದವೂ ಅಷ್ಟು ಸರಿಯಲ್ಲ. ಮೂಲದಲ್ಲಿ ಅದು ಮಧ್ಯಾಹ್ನದ ಬಿಸಿಲಿಗೆ ವಿರಕ್ತನಿಗೆ ಬರುವ ಬೇಸರ, ಜಪವೂ ಬೇಡ ಗುಹೆಯೂ ಬೇಡ ಎನ್ನಿಸುವ ಮನಸ್ಸಿನ ಜಡ್ಡು. ಹೊಲದಲ್ಲಿ ದುಡಿದು ಬಂದು ಮರದಡಿ ಒರಗಿದವನಿಗೂ ಅದಕ್ಕೂ ಸಂಬಂಧವಿಲ್ಲ.) ಹೋಲಿಕೆಗಿಂತ ಕ್ರಮದಲ್ಲಿರುವ ವ್ಯತ್ಯಾಸ ಹೆಚ್ಚು ಮುಖ್ಯ. ನಮ್ಮ ಪಟ್ಟಿ ಕಾಮದಿಂದ ಶುರುವಾಗುತ್ತದೆ, ಏಕೆಂದರೆ ಇಲ್ಲಿ ಬಂಧನದ ಮೂಲ ಆಸೆ. ಅವರ ಪಟ್ಟಿ ಗರ್ವದಿಂದ ಶುರುವಾಗುತ್ತದೆ, ಏಕೆಂದರೆ ಅಲ್ಲಿ ಪತನದ ಮೂಲ ದೇವರಿಗೆ ತಿರುಗಿ ನಿಂತದ್ದು. ದೇವದೂತರಲ್ಲಿ ಶ್ರೇಷ್ಠನಾಗಿದ್ದವನು ದೇವರ ಎತ್ತರಕ್ಕೇ ಏರುತ್ತೇನೆಂದು ಹೊರಟು ಸೈತಾನನಾಗಿ ಬಿದ್ದ ಎಂಬ ಕಥೆ ಇದಕ್ಕೆ ಆಧಾರ. ಕುತೂಹಲದ ಸಂಗತಿಯೆಂದರೆ, ಈ ಕಥೆಗೆ ಆಧಾರವಾಗಿ ತೋರಿಸುವ ಯೆಶಾಯನ ಗ್ರಂಥದ ಭಾಗ ಮೂಲದಲ್ಲಿ ಸೈತಾನನನ್ನು ಕುರಿತದ್ದಲ್ಲ. ಸುತ್ತಲ ನಾಡುಗಳನ್ನು ತುಳಿದು ಮೆರೆದ ಬಾಬಿಲೋನಿನ ರಾಜನನ್ನು ಹಂಗಿಸಿ ಬರೆದದ್ದು. ಅಂದರೆ ಗರ್ವದ ಕ್ರೈಸ್ತ ಕಥೆಯ ಬುಡದಲ್ಲಿ ಇರುವವನು ಒಬ್ಬ ಸಾಮ್ರಾಟ.

ಪದಗಳನ್ನು ಬಿಡಿಸಿ ನೋಡಿದರೂ ಈ ಭೇದ ಕಾಣುತ್ತದೆ. ನಮ್ಮ ‘ಮದ’ ಅಮಲಿಗೆ ಸಂಬಂಧಿಸಿದ ಪದ. ಆನೆಗೆ ಏರುವುದೂ ಅದೇ. ಉತ್ತರ ಕರ್ನಾಟಕದವರ ಬಾಯಲ್ಲಿರುವ ‘ಸೊಕ್ಕು’ ಕೂಡ ಅಮಲೇ. ಅಮಲು ಇಳಿಯಬಹುದು. ಲ್ಯಾಟಿನ್ನಿನ ‘ಸುಪರ್ಬಿಯಾ’ ಮಾತ್ರ ‘ಮೇಲೆ’ ಎಂಬ ಅರ್ಥದ ಪದದಿಂದ ಬಂದದ್ದು. ಮೇಲೇರಿದವನು ಇಳಿಯುವುದಕ್ಕಿಂತ ಬೀಳುವುದೇ ಹೆಚ್ಚು. ಅದರ ವಿರುದ್ಧ ಪದವಾದ ‘ಹ್ಯುಮಿಲಿತಾಸ್’ ಮಣ್ಣು ಎಂಬ ಪದದ ಸಂಬಂಧಿ. ಮಲಪ್ರಭೆಯ ದಂಡೆಯ ಎರೆಮಣ್ಣಿನ ಒಕ್ಕಲಿಗನಿಗೆ ಇದನ್ನು ವಿವರಿಸಲು ಬಹಳ ಕಷ್ಟವಿಲ್ಲ.

ಎಂಟು ಮದಗಳ ನಾಡು

ಕ್ರೈಸ್ತ ಬೋಧಕರು ಬರುವ ಎಷ್ಟೋ ಶತಮಾನಗಳ ಮೊದಲೇ ಈ ಸೀಮೆಯಲ್ಲಿ ಗರ್ವದ ವಿಚಾರ ನಡೆದಿತ್ತು. ಸವದತ್ತಿ ಆಗ ಸುಗಂಧವರ್ತಿ, ರಟ್ಟರ ರಾಜಧಾನಿ. ರಟ್ಟರಲ್ಲಿ ಹಲವರು ಜೈನರು. ಶಾಂತಿವರ್ಮ ಕಟ್ಟಿಸಿದ ಬಸದಿಗೆ ಭೂಮಿ ದತ್ತಿ ಬಿಟ್ಟ ಕ್ರಿ.ಶ. 980ರ ಶಾಸನ ಇಲ್ಲಿಯದು. ಜೈನ ಗೃಹಸ್ಥರಿಗಾಗಿ ಸಮಂತಭದ್ರಾಚಾರ್ಯರು ರಚಿಸಿದ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಂಟು ಮದಗಳ ಲೆಕ್ಕವಿದೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಸಂಪತ್ತು, ತಪಸ್ಸು, ದೇಹ. ಶರಣರ ಸಾಹಿತ್ಯದಲ್ಲಿ ಅಷ್ಟಮದಗಳು ಸ್ವಲ್ಪ ಬೇರೆಯಾಗಿ ಬರುತ್ತವೆ: ಕುಲ, ಛಲ, ಧನ, ಯೌವನ, ರೂಪ, ರಾಜ್ಯ, ವಿದ್ಯೆ, ತಪಸ್ಸು.

ಪಾಶ್ಚಾತ್ಯ ಗುರುಗಳು ಗರ್ವವನ್ನು ಒಂದೇ ಬೇರೆಂದು ಕಂಡರೆ, ನಮ್ಮವರು ಅದರ ಕೊಂಬೆಗಳನ್ನು ಎಣಿಸಿದರು. ಎರಡೂ ಪಟ್ಟಿಯಲ್ಲಿ ‘ಕುಲ’ ಇರುವುದನ್ನು ಗಮನಿಸಬೇಕು. ಹುಟ್ಟಿನಿಂದ ಬರುವ ಮೇಲರಿಮೆಯನ್ನು ಪ್ರತ್ಯೇಕವಾಗಿ ಹೆಸರಿಟ್ಟು ಕರೆಯುವ ಅಗತ್ಯ ಈಜಿಪ್ಟಿನ ಮರಳುಗಾಡಿನಲ್ಲಿ ಬೀಳಲಿಲ್ಲ, ಇಲ್ಲಿ ಬಿತ್ತು. ‘ತಪಸ್ಸು’ ಇರುವುದು ಮಾತ್ರ ಇಬ್ಬರಿಗೂ ಸಮಾನ ಅನುಭವ. ಧಾರ್ಮಿಕನ ಗರ್ವವೇ ಕಡುಕಷ್ಟದ್ದೆಂದು ಇವಾಗ್ರಿಯಸ್ ಹೇಳಿದ್ದು ಅದನ್ನೇ. ಯೇಸು ಹೇಳಿದ ಫರಿಸಾಯ ಮತ್ತು ಸುಂಕದವನ ಸಾಮತಿಯ ತಿರುಳೂ ಅದೇ: ಗುಡಿಯಲ್ಲಿ ತನ್ನ ಉಪವಾಸ, ದಾನಗಳನ್ನು ಎಣಿಸಿ ಹೇಳಿದ ನಿಷ್ಠಾವಂತನಿಗಿಂತ, ದೂರದಲ್ಲಿ ತಲೆ ಎತ್ತದೆ ನಿಂತ ಸುಂಕದವನು ದೇವರಿಗೆ ಹತ್ತಿರನಾದ.

ಶಾಸ್ತ್ರ ಓದದವರಿಗೆ ಕಥೆಗಳಿವೆ. ರಾಮದುರ್ಗ ತಾಲ್ಲೂಕಿನ ಗೊಡಚಿಯ ವೀರಭದ್ರ ಈ ಭಾಗದ ಸಾವಿರಾರು ಮನೆತನಗಳ ಮನೆದೇವರು. ಪುರವಂತರು ಖಡ್ಗ ಹಿಡಿದು ಒಡಪು ಹೇಳುವಾಗ ಕೇಳಿಬರುವುದು ದಕ್ಷನ ಕಥೆ. ಅಳಿಯನಾದ ಶಿವನನ್ನು ಯಜ್ಞಕ್ಕೆ ಕರೆಯದೆ ಅವಮಾನಿಸಿದ ದಕ್ಷನ ತಲೆ ವೀರಭದ್ರನ ಕೈಯಲ್ಲಿ ಹಾರಿತು. ಕಡೆಗೆ ಕುರಿಯ ತಲೆ ಹತ್ತಿಸಿಕೊಂಡು ಬದುಕಿದ. ಸೈತಾನನ ಕಥೆಗೂ ಇದಕ್ಕೂ ಒಂದು ದೊಡ್ಡ ಅಂತರವಿದೆ. ದಕ್ಷನಿಗೆ ಕ್ಷಮೆ ಸಿಕ್ಕಿತು, ತಲೆ ಬದಲಾಯಿತು ಅಷ್ಟೆ. ಸೈತಾನನಿಗೆ ಹಿಂದಿರುಗುವ ದಾರಿಯಿಲ್ಲ.

ಸವದತ್ತಿಯ ಗುಡ್ಡದ ರೇಣುಕೆಯ ಕಥೆ ಇನ್ನೂ ಸೂಕ್ಷ್ಮ. ಮರಳಿನ ಕೊಡ ಕಟ್ಟಿ ನೀರು ತರುತ್ತಿದ್ದವಳ ಮನಸ್ಸು ಹೊಳೆಯ ದಂಡೆಯಲ್ಲಿ ಒಂದು ಕ್ಷಣ ಹೊರಳಿತು, ಕೊಡ ಕಟ್ಟಲಿಲ್ಲ. ಬರಿಯ ನೋಟವೂ ಪಾಪವಾಗಬಲ್ಲದೆಂದು ಯೇಸು ಬೆಟ್ಟದ ಬೋಧನೆಯಲ್ಲಿ ಹೇಳಿದ್ದನ್ನು ಇಲ್ಲಿಯ ಜನ ಬೇರೆ ದಾರಿಯಿಂದ ಬಲ್ಲರು. ಆದರೆ ಯೇಸುವಿನ ಆ ಮಾತು ನೋಡಿದ ಗಂಡಸನ್ನು ಕುರಿತದ್ದು. ನಮ್ಮ ಕಥೆಯಲ್ಲಿ ತಲೆ ಹೋದದ್ದು ಹೆಂಗಸಿನದು. ಜಮದಗ್ನಿಯ ಕ್ರೋಧದ ಲೆಕ್ಕವೇನು ಎಂದು ಕೇಳುವವರು ಯಾವ ಕಾಲದಲ್ಲೂ ಇದ್ದಿರಬೇಕು. ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಹೋಗುವುದು ತಲೆ ಕಳೆದುಕೊಂಡವಳನ್ನು ಕಾಣಲು, ತೆಗೆಸಿದವನನ್ನಲ್ಲ.

ಕೋಟೆಯ ಬಾಗಿಲಲ್ಲಿ

ಇನ್ನು ಥ್ಯಾಕರೆಯ ಮಾತು. 1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುನ್ನ ಮಾಡಿಕೊಂಡ ದತ್ತಕವನ್ನು ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಬಿತ್ತು, ಕಾವಲು ಕೂತಿತು. ಕೋಟೆಯ ಬಾಗಿಲು ಮುಚ್ಚಿದಾಗ, ತೆರೆಯದಿದ್ದರೆ ಫಿರಂಗಿಯಿಂದ ಒಡೆಯುವುದಾಗಿ ಗಡುವು ಕೊಟ್ಟ. ಬಾಗಿಲು ತೆರೆಯಿತು, ಕಿತ್ತೂರಿನ ಪಡೆ ಹೊರಗೆ ನುಗ್ಗಿತು. ದಕ್ಷಿಣ ಮರಾಠಾ ಸೀಮೆ ಕಂಪನಿಯ ಕೈಸೇರಿ ಆಗಿನ್ನೂ ಏಳು ವರ್ಷವೂ ಕಳೆದಿರಲಿಲ್ಲ. ಒಂದು ಸಂಸ್ಥಾನದ ಮನೆತನದ ವಿಷಯವನ್ನು ಗಡಿಯಾರ ಹಿಡಿದು ತೀರ್ಮಾನಿಸಬಹುದೆಂಬ ನಂಬಿಕೆಯನ್ನು ರಾಜ್ಯಮದ ಎಂದು ಕರೆದರೆ ತಪ್ಪಾಗದು. 34 ವರ್ಷಗಳ ನಂತರ, 1858ರ ಮೇ ತಿಂಗಳಲ್ಲಿ, ಈಗ ರಾಮದುರ್ಗ ತಾಲ್ಲೂಕಿನಲ್ಲಿರುವ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ನರಗುಂದದ ಬಾಬಾಸಾಹೇಬನ ಕಡೆಯವರ ಕೈಯಲ್ಲಿ ಸತ್ತದ್ದರ ಹಿಂದೆಯೂ ನಿರಾಕರಿಸಿದ ದತ್ತಕವೇ ಇತ್ತು. ಸರ್ಕಾರ ಮೊದಲ ಪಾಠವನ್ನು ಕಲಿತಿರಲಿಲ್ಲ.

ಕಿತ್ತೂರಿನ ಕೈಗೆ ಸೆರೆಸಿಕ್ಕ ಇಬ್ಬರು ಕಿರಿಯ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಆತ ಹಲವು ವರ್ಷ ಇದೇ ಸೀಮೆಯಲ್ಲಿದ್ದು ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದ. ಕಲಿಸಲು ಬಂದವನು ಕಲಿಯಲು ಕೂತ ಅಪರೂಪದ ಉದಾಹರಣೆ ಅದು. ಇನ್ನೊಂದು ವಿಚಿತ್ರ: ಸತ್ತ ಕಲೆಕ್ಟರನ ಅಣ್ಣತಮ್ಮಂದಿರೊಬ್ಬರ ಮಗ ಕಲ್ಕತ್ತದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಬೆಳೆದು, 1847–48ರಲ್ಲಿ ‘ವ್ಯಾನಿಟಿ ಫೇರ್’ ಎಂಬ ಕಾದಂಬರಿ ಬರೆದ. ಒಣ ಪ್ರತಿಷ್ಠೆಯ ಸಂತೆ ಎಂದು ಅದರರ್ಥ. ಆ ಹೆಸರನ್ನು ಕಾದಂಬರಿಕಾರ ತೆಗೆದುಕೊಂಡದ್ದು ಜಾನ್ ಬನ್ಯನ್‌ನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನಿಂದ, 19ನೇ ಶತಮಾನದಲ್ಲಿ ಮಿಷನರಿಗಳು ಕನ್ನಡದಲ್ಲಿ ‘ಯಾತ್ರಿಕನ ಸಂಚಾರ’ವೆಂದು ಹೊರತಂದದ್ದು ಅದೇ ಕೃತಿ. ಒಣ ಪ್ರತಿಷ್ಠೆಯೂ ಗರ್ವವೂ ಬೇರೆ ಎಂದು ಪೋಪ್ ಗ್ರೆಗರಿಯ ಲೆಕ್ಕ. ಕನ್ನಡದಲ್ಲಿ ಹೇಳುವುದಾದರೆ, ಡೌಲಿಗೆ ನಾಲ್ಕು ಜನ ನೋಡುವವರು ಬೇಕು. ಸೊಕ್ಕಿಗೆ ಯಾರೂ ಬೇಡ.

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು. ಥ್ಯಾಕರೆಯದು ಗರ್ವವಾದರೆ ರಾಣಿ ಚೆನ್ನಮ್ಮನದೇನು? ಆಕೆಯೂ ತಲೆ ಬಾಗಿಸಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಕಿತ್ತೂರು ಬಿದ್ದ ಮೇಲೆ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ಅಲ್ಲೇ ತೀರಿಕೊಂಡಳು. ಸಮಾಧಿ ಇಂದಿಗೂ ಅಲ್ಲಿದೆ. ‘ಸ್ವಾಭಿಮಾನ’ ಎಂಬ ಪದ ಈ ಸೀಮೆಯಲ್ಲಿ ಆಕೆಯ ಹೆಸರಿನೊಡನೆಯೇ ಬರುತ್ತದೆ. ಕ್ರೈಸ್ತ ಬೋಧನೆ ಇದನ್ನೂ ಪಾಪವೆನ್ನುತ್ತದೆಯೇ?

ಇಲ್ಲ. 13ನೇ ಶತಮಾನದ ಥಾಮಸ್ ಅಕ್ವಿನಾಸ್ ಇದಕ್ಕೆ ಉತ್ತರ ಬರೆದಿಟ್ಟಿದ್ದಾನೆ. ತನ್ನ ಯೋಗ್ಯತೆಗೆ ತಕ್ಕ ದೊಡ್ಡ ಕೆಲಸಕ್ಕೆ ಕೈಹಾಕುವುದು ಆತನ ಪ್ರಕಾರ ಸದ್ಗುಣ. ಅದಕ್ಕೆ ಮಹಾಮನಸ್ಕತೆ ಎಂಬ ಹೆಸರು. ಇಲ್ಲದ ಎತ್ತರವನ್ನು ಆರೋಪಿಸಿಕೊಳ್ಳುವುದು ಗರ್ವ. ಮೂರನೆಯದೂ ಒಂದಿದೆ, ಅದನ್ನು ಬೋಧಕರು ಹೆಚ್ಚಾಗಿ ಹೇಳುವುದಿಲ್ಲ: ತನ್ನಲ್ಲಿರುವ ಶಕ್ತಿಯನ್ನೇ ಒಪ್ಪಿಕೊಳ್ಳದೆ ಕುಗ್ಗಿ ಕೂರುವ ಅಲ್ಪಮನಸ್ಕತೆ. ಅದೂ ಪಾಪವೇ ಎಂದು ಅಕ್ವಿನಾಸ್ ಸ್ಪಷ್ಟವಾಗಿ ಹೇಳುತ್ತಾನೆ.

ಕೇರಿಗೆ ಬಂದ ಬೋಧನೆ

ಈ ಮೂರನೆಯ ಮಾತು ಮರೆತುಹೋದದ್ದರಿಂದ ಆದ ನಷ್ಟ ಚಿಕ್ಕದಲ್ಲ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಆ ಕ್ಷೇತ್ರ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಅವರ ಬೋಧನೆಗೆ ಓಗೊಟ್ಟವರು ಬಹುಪಾಲು ಹಳ್ಳಿಗಳ ದಲಿತ ಕೇರಿಯವರು. ಗರ್ವವೇ ಪಾಪಗಳ ರಾಜ, ತಗ್ಗಿ ನಡೆ ಎಂಬ ಉಪದೇಶವನ್ನು ಅವರು ಹೇಗೆ ಕೇಳಿರಬಹುದು? ಬೇರೆಯವರ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿದ್ದವರಿಗೆ ಸೊಕ್ಕು ಬಿಡು ಎಂದು ಹೇಳುವ ಅಗತ್ಯವಿತ್ತೆ? ಇವಾಗ್ರಿಯಸ್ ಆ ಪಟ್ಟಿ ಬರೆದದ್ದು ತನ್ನಂಥ ವಿದ್ಯಾವಂತ ವಿರಕ್ತರಿಗೆ. ಅದೇ ಔಷಧವನ್ನು ಬೇರೆ ರೋಗಿಗೆ ಕೊಟ್ಟರೆ ರೋಗ ಹೆಚ್ಚಾಗುತ್ತದೆ.

ಮಿಷನ್ನುಗಳು ಉಪದೇಶವನ್ನಷ್ಟೇ ಕೊಡಲಿಲ್ಲ, ಶಾಲೆಯನ್ನೂ ಕೊಟ್ಟವು ಎಂಬುದನ್ನು ಇಲ್ಲಿ ಹೇಳಲೇಬೇಕು. ಬಾಯಿ ಬಾಗು ಎಂದರೂ ಸ್ಲೇಟು ಎದ್ದು ನಿಲ್ಲು ಎಂದಿತು. ಆದರೂ ಪಾಪದ ಪಟ್ಟಿಯನ್ನೇ ಮರುವಿಚಾರಿಸುವ ಕೆಲಸ ಬಹಳ ತಡವಾಗಿ ಆಯಿತು. 1960ರಲ್ಲಿ ಅಮೆರಿಕದ ವ್ಯಾಲರಿ ಸೇವಿಂಗ್ ಒಂದು ಲೇಖನ ಬರೆದು, ಗರ್ವ ಗಂಡಸರ ಪಾಪವಿರಬಹುದು, ಹೆಂಗಸರನ್ನು ಕಾಡುವುದು ತಮ್ಮನ್ನೇ ಅಳಿಸಿಕೊಳ್ಳುವ ಚಾಳಿ ಎಂದು ವಾದಿಸಿದರು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ದಲಿತ ದೇವಶಾಸ್ತ್ರದ ಮಾತೆತ್ತಿದರು. ಭಾರತದ ಕ್ರೈಸ್ತ ಚಿಂತನೆ ಅಲ್ಲಿಯವರೆಗೆ ಮೇಲ್ಜಾತಿಯಿಂದ ಬಂದವರ ಪ್ರಶ್ನೆಗಳನ್ನೇ ಕೇಳಿಕೊಂಡು ಬಂದಿದೆ, ಸಭೆಯ ಬಹುಸಂಖ್ಯಾತರಾದ ದಲಿತರ ನೋವು ಅದರೊಳಗೆ ಬಂದಿಲ್ಲ ಎಂಬುದು ಅವರ ಆಕ್ಷೇಪ. ದೀಕ್ಷಾಸ್ನಾನದ ನೀರಿನಲ್ಲಿ ಕುಲಮದ ಕರಗಿಲ್ಲ ಎಂಬುದನ್ನು ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿಯೂ 2016ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿತು.

ದೇಶನೂರಿನ ಮಠವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬಂದವರು ತಮ್ಮ ನಿಲುವಂಗಿ, ತಮ್ಮ ಕುರ್ಚಿ, ತಮ್ಮ ಊಟವನ್ನು ಬಿಟ್ಟು ಊರಿನ ರೀತಿಯನ್ನು ಹಿಡಿದರು. 17ನೇ ಶತಮಾನದಲ್ಲಿ ಮಧುರೆಯ ಡಿ ನೊಬಿಲಿಯೂ ಮೈಸೂರು ಸೀಮೆಯ ಚಿನ್ನಾಮಿಯೂ ಸನ್ಯಾಸಿ ವೇಷ ತೊಟ್ಟದ್ದುಂಟು. ಆದರೆ ಅವರ ಕಣ್ಣಿದ್ದದ್ದು ಹೆಚ್ಚಾಗಿ ಮೇಲ್ಜಾತಿಗಳ ಮೇಲೆ. ದೇಶನೂರಿನವರು ಆರಿಸಿಕೊಂಡದ್ದು ಲಿಂಗಾಯತ ವಿರಕ್ತರ ಮಾದರಿಯನ್ನು. ಇದು ಮತಾಂತರದ ಉಪಾಯವೆಂದು ಅನುಮಾನಿಸುವವರಿದ್ದಾರೆ; ಕ್ರೈಸ್ತತ್ವವೇ ಮಸುಕಾಯಿತೆಂದು ಗೊಣಗುವ ಕ್ರೈಸ್ತರೂ ಇದ್ದಾರೆ. ಎರಡೂ ಕಡೆಯಿಂದ ಬೈಸಿಕೊಳ್ಳುವುದು ಇಂಥ ಪ್ರಯೋಗಗಳ ಹಣೆಬರಹ. ಮಠಕ್ಕಿಟ್ಟ ಹೆಸರಂತೂ ಸರಿಯಾಗಿದೆ. ಬರಲಿರುವವನ ಕೆರದ ಬಾರು ಬಿಚ್ಚಲೂ ತಾನು ಯೋಗ್ಯನಲ್ಲವೆಂದವನು ಸ್ನಾನಿಕ ಅರುಳಪ್ಪ.

ಆಚರಣೆಗಳು ಒಂದನ್ನೊಂದು ತಾಗುವ ಬಗೆ ಇನ್ನೂ ಸ್ವಾರಸ್ಯ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ದಿನವನ್ನು ಕನ್ನಡ ಕ್ಯಾಥೊಲಿಕರು ವಿಭೂತಿ ಬುಧವಾರ ಎನ್ನುತ್ತಾರೆ. ಅಂದು ಹಣೆಗಿಡುವ ಬೂದಿ ನೀನು ಮಣ್ಣು ಎಂದು ನೆನಪಿಸಲು. ಲಿಂಗಾಯತನ ಹಣೆಯ ವಿಭೂತಿ ಶಿವನ ಗುರುತು. ಪದಕ್ಕೆ ಐಶ್ವರ್ಯ, ಮಹಿಮೆ ಎಂಬ ಅರ್ಥವೂ ಉಂಟು. ಒಂದೇ ಬೂದಿ, ಒಂದೇ ಹಣೆ. ಅರ್ಥಗಳು ಮಾತ್ರ ಎದುರುಬದುರು.

ಪಾದದ ವಿಷಯವೂ ಹಾಗೆಯೇ. ಮಠಗಳಲ್ಲಿ ಭಕ್ತ ಜಂಗಮನ ಪಾದ ತೊಳೆದು ಪಾದೋದಕ ಪಡೆಯುತ್ತಾನೆ. ಪವಿತ್ರ ಗುರುವಾರದಂದು ಚರ್ಚಿನಲ್ಲಿ ನಡೆಯುವುದು ಅದರ ತಿರುವು: ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಗುರುವೇ ಮೊಣಕಾಲೂರಿ ಭಕ್ತರ ಪಾದ ತೊಳೆಯುತ್ತಾನೆ. ವಾಡಿಕೆಯಾಗಿ ಹನ್ನೆರಡು ಜನ ಗಂಡಸರು ಕೂರುತ್ತಿದ್ದರು. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರ ಸೂಚನೆಯಂತೆ ನಿಯಮ ಬದಲಾಗಿ ಹೆಂಗಸರಿಗೂ ಅವಕಾಶವಾಯಿತು. ಆ ಬೆಂಚಿನ ಮೇಲೆ ಯಾವ ಮನೆಯವರು, ಯಾವ ಕೇರಿಯವರು ಕೂರಬೇಕೆಂಬುದನ್ನು ಮಾತ್ರ ರೋಮ್ ಹೇಳಿಲ್ಲ. ಅದನ್ನು ಆಯಾ ಊರಿನ ಸಭೆಯೇ ಪ್ರತಿ ವರ್ಷ ಕೂತು ತೀರ್ಮಾನಿಸುತ್ತದೆ.